ಹನ್ನೊಂದು ಸಾವಿರ ಕಿಲೋಮೀಟರಿನ ಕಳಸಗಿತ್ತಿ

ಆಕ್ಲೆಂಡ್, ನ್ಯೂಜಿಲೆಂಡ್
30 ನವೆಂಬರ್ 2003

ಪ್ರೀತಿಯ ಸುಧಾಮಣಿ,

ಮೊದಲು ಹೊಲಿಗೆ ಯಂತ್ರದಿಂದ ಕಾಲು ತೆಗೆ. ಬ್ಲೌಸು ಕೇಳಲು ಬಂದವರಿಗೆ ನಾಳೆ ಬನ್ನಿ ಅನ್ನು. ಇದು ಕುಳಿತು ಓದಬೇಕಾದ ಕಾಗದ.

ನಾನು ಮದುವೆ ಆಗುತ್ತಿದ್ದೇನೆ.

ನಗು, ಪರವಾಗಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ ಇವಳಿಗೇನು ಬಂತು ಅಂತ ನಾನೇ ಕನ್ನಡಿ ಮುಂದೆ ನಿಂತು ನಕ್ಕಿದ್ದೇನೆ. ಹುಡುಗನ ಹೆಸರು ಮುನಿಸ್ವಾಮಿ. ಹುಡುಗ ಅಂದೆ ನೋಡು, ಐವತ್ತಮೂರು ವರ್ಷ! ಇಲ್ಲಿ ಸಿಟಿ ಬಸ್ಸಿನ ಡ್ರೈವರ್. ಹುಟ್ಟಿದ್ದು ಫಿಜಿ ದ್ವೀಪದಲ್ಲಿ. ಇವರ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಮದರಾಸಿನಲ್ಲಿ ಹಡಗು ಹತ್ತಿದವರಂತೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮಕ್ಕಳಿಲ್ಲ. ಕನ್ನಡ ಬರುವುದಿಲ್ಲ, ಹಿಂದಿ ಒಂದು ಥರ ಬರುತ್ತದೆ. ನಾನು ನರ್ಸ್ ಆಗಿರುವ ವೃದ್ಧರ ಆಸ್ಪತ್ರೆಯ ಮುಂದೆಯೇ ಇವರ ಬಸ್ಸು ನಿಲ್ಲುತ್ತದೆ. ಯಾರಾದರೂ ಓಡಿ ಬರುವುದು ಕಂಡರೆ ಇವರು ಬಸ್ಸು ಬಿಡದೆ ಕಾಯುತ್ತಾರೆ. ನಾನು ಹುಟ್ಟಿದಾಗಿನಿಂದ ಬಸ್ಸಿಗೆ ಓಡಿಕೊಂಡೇ ಹೋಗುವವಳು. ಮಿಕ್ಕಿದ್ದನ್ನು ನೀನೇ ಊಹಿಸಿಕೋ.

ಏಪ್ರಿಲ್ ಹತ್ತು, ಶನಿವಾರ. ಈಸ್ಟರ್ ರಜ, ಎಲ್ಲರಿಗೂ ಬಿಡುವು. ಮನೆಯ ಹಿತ್ತಲಿನಲ್ಲೇ ರಿಜಿಸ್ಟ್ರಿ, ಆಮೇಲೆ ಬುದ್ಧ ವಿಹಾರಕ್ಕೆ ಹೋಗಿ ಭಂತೇಜಿಯವರ ಆಶೀರ್ವಾದ, ಆಮೇಲೆ ಊಟ. ನಿನ್ನ ಮದುವೆಯಲ್ಲಿ ಕಳಸ ಹಿಡಿದು ನಿನ್ನ ಪಕ್ಕದಲ್ಲಿ ನಿಂತವಳು ನಾನು. ‘ನಮ್ ಕಡೆ ಹೆಣ್ಮಕ್ಳು ಇರ್ಲಿಲ್ವಾ?’ ಅಂತ ನಿಮ್ಮ ದೊಡ್ಡಪ್ಪ ಗೊಣಗಿದಾಗ, ‘ಜಯಶೀಲಾ ನಿಲ್ಲಲ್ಲ ಅಂದ್ರೆ ನಾನೂ ಹಸೆ ಬಿಟ್ಟು ಏಳ್ತೀನಿ’ ಅಂದವಳು ನೀನು. ನನಗೂ ಕಳಸಗಿತ್ತಿ ಬೇಕು ಸುಧಾ. ನೀನು ಬರಬೇಕು. ವಿಹಾರದಲ್ಲಿ ಕಳಸ ಯಾಕೆ ಅಂದರೆ ಒಂದು ಹೂಕುಂಡ ಹಿಡಿದುಕೋ, ನನಗೆ ಪಕ್ಕದಲ್ಲಿ ನೀನಿದ್ದರೆ ಆಯಿತು.

ನಿನ್ನ,
ಜಯಶೀಲಾ


ಯಡಿಯೂರು, ಬೆಂಗಳೂರು
14 ಡಿಸೆಂಬರ್ 2003

ಜಯಶೀಲಾ,

ಕಾಗದ ತಲುಪಿತು. ಸಂತೋಷ. ನಿಜವಾಗಿಯೂ ಸಂತೋಷ, ವ್ಯಂಗ್ಯವಲ್ಲ.

ಆದರೆ ವಿಷಯ ನನಗೆ ಹಳೆಯದು. ತಿಲಕ್ ನಗರದಿಂದ ನಿಮ್ಮ ಚಿಕ್ಕಮ್ಮ ಮುನಿಯಕ್ಕ ಹೋದ ವಾರವೇ ಅಂಗಡಿಗೆ ಬಂದಿದ್ದರು. ‘ಏನಮ್ಮಾ ಸುಧಾ, ಜಯಶೀಲಾ ಮದ್ವೆ ಅಂತಲ್ಲ, ನಿಂಗ್ ಹೇಳ್ದೇ ಇರ್ತಾಳಾ?’ ಅಂದರು. ‘ಹೂಂ ಅಕ್ಕ, ಗೊತ್ತು’ ಅಂದೆ. ಅವರು ಹೋದ ಮೇಲೆ ಒಂದು ತೋಳು ತಲೆಕೆಳಗಾಗಿ ಹೊಲಿದು ಮತ್ತೆ ಬಿಚ್ಚಿದೆ.

ಬರುವುದಕ್ಕೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಶೈಲಜಾಳ ಮದುವೆಗೆ ಕರೆದಾಗ ನೀನೇ ಬರೆದಿದ್ದೆ: ‘ಆಕ್ಲೆಂಡಿನಿಂದ ಬೆಂಗಳೂರಿಗೆ ಹನ್ನೊಂದು ಸಾವಿರ ಕಿಲೋಮೀಟರು ಸುಧಾ, ಬಸ್ಸು ಹತ್ತಿ ಬಂದಷ್ಟು ಸುಲಭವಲ್ಲ.’ ನೀನು ಎತ್ತಿ ಆಡಿಸಿದ ಮಗುವಿನ ಮದುವೆ ಅದು. ದೂರ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ನಿಮ್ಮ ನ್ಯೂಜಿಲೆಂಡನ್ನು ಯಾರೂ ಇತ್ತ ಸರಿಸಿಲ್ಲ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ರೇಗುತ್ತೇನೆ. ಏನಿದ್ದರೂ ಬರೆ. ಮುನಿಸ್ವಾಮಿಯವರಿಗೆ ನಮಸ್ಕಾರ ತಿಳಿಸು. ಓಡಿ ಬರುವವರಿಗೆ ಬಸ್ಸು ನಿಲ್ಲಿಸುವ ಡ್ರೈವರ್ ಬೆಂಗಳೂರಿನಲ್ಲಿ ಇಲ್ಲ ಅಂತ ತಾನೇ ನೀನು ಅಷ್ಟು ದೂರ ಹೋದದ್ದು?

ಇಂತಿ,
ಸುಧಾಮಣಿ


ಆಕ್ಲೆಂಡ್
3 ಜನವರಿ 2004

ಪ್ರೀತಿಯ ಸುಧಾ,

ಬರಿಯ ‘ಜಯಶೀಲಾ’ ಅಂತ ಶುರುವಾದ ನಿನ್ನ ಕಾಗದ ನೋಡಿಯೇ ಜ್ವರ ಎಷ್ಟಿದೆ ಅಂತ ಗೊತ್ತಾಯಿತು. ನಾನು ನರ್ಸು.

ಚಿಕ್ಕಮ್ಮನಿಗೆ ಹೇಳಿದ್ದು ನಾನಲ್ಲ. ಜಾತಕವಲ್ಲದಿದ್ದರೂ ಜನ್ಮದಾಖಲೆ ಬೇಕಿತ್ತು, ತಮ್ಮನಿಗೆ ಫೋನ್ ಮಾಡಿದೆ, ಅವನ ಬಾಯಲ್ಲಿ ಏನು ನಿಲ್ಲುತ್ತದೆ?

ಶೈಲಜಾಳ ಮದುವೆಗೆ ಬಾರದಿದ್ದಕ್ಕೆ ಕಾರಣ ದೂರವಲ್ಲ. ಈಗ ಹೇಳುತ್ತೇನೆ. ಛತ್ರದಲ್ಲಿ ಕಾಲಿಟ್ಟ ತಕ್ಷಣ ಒಬ್ಬೊಬ್ಬರೂ ಬಂದು ‘ಇನ್ನೂ ಆಗ್ಲಿಲ್ವಾ ನಿಂಗೆ?’ ಅಂತ ಕೇಳುತ್ತಾರೆ. ನಿನ್ನ ತಂಗಿಯ ಮದುವೆಯಲ್ಲಿ ಕೇಳಿದರು, ನಿನ್ನ ಗೃಹಪ್ರವೇಶದಲ್ಲಿ ಕೇಳಿದರು. ಪಾಯಸ ಬಡಿಸುವವನೂ ಕೇಳಿದ. ಇನ್ನೊಂದು ಸಲ ನಗುತ್ತಾ ಉತ್ತರ ಕೊಡುವ ಶಕ್ತಿ ನನಗಿರಲಿಲ್ಲ. ಹಾಗೆ ಬರೆಯಲು ನಾಚಿಕೆಯಾಯಿತು, ಕಿಲೋಮೀಟರು ಬರೆದೆ.

ಇನ್ನು ಆ ಹನ್ನೊಂದು ಸಾವಿರದ ವಿಷಯ. ಅದೇನು ಮಹಾ ದೂರ? ಯಡಿಯೂರಿನಿಂದ ಹನುಮಂತನಗರದ ಅತ್ತೆ ಮನೆಗೆ ನೀನು ಇಷ್ಟು ವರ್ಷ ಊಟದ ಕ್ಯಾರಿಯರ್ ಹಿಡಿದು ಓಡಾಡಿದ್ದನ್ನೆಲ್ಲ ಉದ್ದಕ್ಕೆ ಹಾಸಿದ್ದರೆ ಎಂದೋ ಆಕ್ಲೆಂಡ್ ದಾಟಿ ಸಮುದ್ರಕ್ಕೆ ಬಿದ್ದಿರುತ್ತಿದ್ದೆ. ಇಲ್ಲಿ ನಡೆಯುವುದೂ ಬೇಡ, ಕುಳಿತಿದ್ದರೆ ಸಾಕು. ಸಿಂಗಪುರದ ತನಕ ನಾಲ್ಕೂವರೆ ಗಂಟೆ. ಅಲ್ಲಿ ಇಳಿದು ಇನ್ನೊಂದು ವಿಮಾನ, ಹತ್ತು ಗಂಟೆ. ಒಂದು ನಿದ್ದೆ, ಎರಡು ಊಟ, ಒಂದು ಸಿನಿಮಾ. ಯಾರೂ ಬಂದು ‘ಅಕ್ಕ, ಫಾಲ್ಸ್ ಹಾಕಿದ್ರಾ?’ ಅಂತ ಕೇಳುವುದಿಲ್ಲ.

ಬಾ ಸುಧಾ.

ನಿನ್ನ,
ಜಯಶೀಲಾ


ಯಡಿಯೂರು
20 ಜನವರಿ 2004

ಜಯಾ,

ಛತ್ರದ ವಿಷಯ ಓದಿದೆ. ಅದಕ್ಕೆ ಉತ್ತರ ಇನ್ನೊಂದು ದಿನ ಬರೆಯುತ್ತೇನೆ. ಈಗ ಬೇಡ.

ನೀನು ಸುಳ್ಳು ಹೇಳುವುದನ್ನು ಇನ್ನೂ ಬಿಟ್ಟಿಲ್ಲ. ಜಯನಗರ ಫೋರ್ತ್ ಬ್ಲಾಕಿನಲ್ಲಿ ಟ್ರಾವೆಲ್ಸ್ ಇಟ್ಟಿರುವ ಪ್ರಮೋದನ ಹತ್ತಿರ ಹೋಗಿ ವಿಮಾನದ ವೇಳೆಯನ್ನೆಲ್ಲ ಬರೆಸಿಕೊಂಡು ಬಂದೆ. (ಬರುವುದಕ್ಕಲ್ಲ. ಸುಮ್ಮನೆ ವಿಚಾರಿಸಲು.) ಸಿಂಗಪುರ ಬಿಡುವುದು ಬೆಳಿಗ್ಗೆ ಎಂಟೂವರೆಗೆ. ಆಕ್ಲೆಂಡ್ ಮುಟ್ಟುವುದು ರಾತ್ರಿ ಹತ್ತೂಕಾಲಿಗೆ. ಬೆರಳು ಮಡಿಸಿ ಎಣಿಸಿದರೂ ಹದಿನಾಲ್ಕು ಗಂಟೆ ಆಗುತ್ತದೆ. ನೀನು ಹತ್ತು ಅಂತೀಯ. ನಾಲ್ಕು ಗಂಟೆ ಎಲ್ಲಿ ನುಂಗಿದೆ? ಮದುವೆ ದಲ್ಲಾಳಿಗಳು ಗಂಡಿನ ವಯಸ್ಸು ಇಳಿಸಿ ಹೇಳುವ ಹಾಗೆ ಹೇಳುತ್ತೀಯಲ್ಲ! ನಿನ್ನ ಮುನಿಸ್ವಾಮಿಯವರಿಗೆ ಐವತ್ತಮೂರೇ ಹೌದೋ ಅಲ್ಲವೋ ಅಂತ ಈಗ ನನಗೆ ಅನುಮಾನ.

ಇನ್ನೊಂದು ವಿಚಿತ್ರ. ಅದೇ ವಿಮಾನ ವಾಪಸು ಬರುವಾಗ ಆಕ್ಲೆಂಡನ್ನು ಮಧ್ಯಾಹ್ನ ಒಂದೂಕಾಲಿಗೆ ಬಿಟ್ಟು ಸಂಜೆ ಏಳೂಮುಕ್ಕಾಲಿಗೆ ಸಿಂಗಪುರದಲ್ಲಿರುತ್ತದಂತೆ. ಹೋಗುವಾಗ ಹದಿನಾಲ್ಕು, ಬರುವಾಗ ಆರೂವರೆ. ಏನು, ಆ ಕಡೆಯಿಂದ ಇಳಿಜಾರಾ? ನಮ್ಮ ಯಜಮಾನರನ್ನು ಕೇಳಿದೆ. ‘ಗಾಳಿ ಹಿಂದ್ಗಡೆಯಿಂದ ತಳ್ಳುತ್ತೆ ಕಣೆ’ ಅಂದು ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಅವರಿಗೂ ಗೊತ್ತಿಲ್ಲ.

ಹದಿನಾಲ್ಕು ಗಂಟೆ ಒಂದೇ ಕುರ್ಚಿಯಲ್ಲಿ ಕೂರಲು ನನ್ನ ಸೊಂಟ ಒಪ್ಪುವುದಿಲ್ಲ.

ಇಂತಿ,
ಸುಧಾಮಣಿ


ಆಕ್ಲೆಂಡ್
5 ಫೆಬ್ರುವರಿ 2004

ನನ್ನ ಮುದ್ದು ಸುಧಾ,

‘ಇಳಿಜಾರಾ’ ಅನ್ನುವ ಮಾತನ್ನು ಮುನಿಸ್ವಾಮಿಯವರಿಗೆ ಹಿಂದಿಯಲ್ಲಿ ತಿಳಿಸಿ ಹೇಳಿದೆ. ಬಸ್ಸಿನ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಕ್ಕರು. ಹಿಂದಿನ ಸೀಟಿನ ಅಜ್ಜಿ ಗಾಬರಿಯಾಗಿ ‘ಆರೋಗ್ಯ ಸರಿಯಿದೆಯಾ?’ ಅಂತ ವಿಚಾರಿಸಿದರು.

ಕೇಳು. ಸೂರ್ಯ ನಮ್ಮಲ್ಲಿ ಮೊದಲು ಏಳುತ್ತಾನೆ, ನಿಮ್ಮ ಕಡೆ ಆಮೇಲೆ. ನಾನು ರಾತ್ರಿ ಊಟ ಮಾಡಿ ತಟ್ಟೆ ತೊಳೆಯುವಾಗ ನೀನು ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತೀಯ. ಸಿಂಗಪುರದ ಗಡಿಯಾರಕ್ಕಿಂತ ನಮ್ಮದು ಮುಂದೆ ಓಡುತ್ತದೆ. ಹೊರಡುವ ವೇಳೆ ಅವರ ಗಡಿಯಾರದ್ದು, ಮುಟ್ಟುವ ವೇಳೆ ನಮ್ಮ ಗಡಿಯಾರದ್ದು. ನಿನ್ನ ಸೊಂಟ ಕುರ್ಚಿಯಲ್ಲಿರುವುದು ಹತ್ತೇ ಗಂಟೆ. ಮಿಕ್ಕ ನಾಲ್ಕು ಗಂಟೆ ಗಡಿಯಾರಕ್ಕೆ ವಯಸ್ಸಾಗುತ್ತದೆ, ನಿನಗಲ್ಲ. ವಾಪಸು ಹೋಗುವಾಗ ಆ ನಾಲ್ಕು ಗಂಟೆ ನಿನಗೆ ಹಿಂದಿರುಗಿ ಸಿಗುತ್ತದೆ. ಇಷ್ಟಕ್ಕೆ ನನ್ನನ್ನು ದಲ್ಲಾಳಿ ಮಾಡಿದೆಯಲ್ಲ!

ವೀಸಾಕ್ಕೆ ಬೇಕಾದ ನನ್ನ ಆಹ್ವಾನದ ಕಾಗದ ಈ ಲಕೋಟೆಯಲ್ಲೇ ಇದೆ. ಮಾನಸ ಸರೋವರಕ್ಕೆ ಹೋಗೋಣ ಅಂತ ನಿಮ್ಮ ಯಜಮಾನರು ಮಾಡಿಸಿದ ಪಾಸ್‌ಪೋರ್ಟ್ ಬೀರುವಿನಲ್ಲಿ ಕೊಳೆಯುತ್ತಿದೆ ಅಂತ ನನಗೆ ಗೊತ್ತು. ಪ್ರಮೋದನಿಗೆ ಎರಡನ್ನೂ ಕೊಡು.

ನಿನ್ನ,
ಜಯಶೀಲಾ


ಯಡಿಯೂರು
18 ಫೆಬ್ರುವರಿ 2004

ಜಯಾ,

ಗಡಿಯಾರದ ವಿಷಯ ಒಪ್ಪಿದೆ. ಯಜಮಾನರಿಗೂ ತಿಳಿಸಿಕೊಟ್ಟೆ. ‘ನಾನು ಅದನ್ನೇ ಹೇಳಿದ್ದು’ ಅಂದರು.

ಆದರೂ ಆಗುವುದಿಲ್ಲ. ಮದುವೆಗೆ ಮುಟ್ಟುವ ಹಾಗೆ ಸೀಟಿರುವುದು ಏಪ್ರಿಲ್ ಏಳರ ಬುಧವಾರ ರಾತ್ರಿಯ ವಿಮಾನದಲ್ಲಿ ಮಾತ್ರವಂತೆ. ಮಾರನೆಯ ದಿನ ಗುರುವಾರ ಸಂಕಷ್ಟಿ. ಶೈಲಜಾ ಹೊಟ್ಟೆಯಲ್ಲಿದ್ದಾಗ ಹಿಡಿದ ವ್ರತ, ಇವತ್ತಿನ ತನಕ ಒಂದೂ ತಪ್ಪಿಸಿಲ್ಲ. ಬೆಳಗಿನಿಂದ ಉಪವಾಸ, ರಾತ್ರಿ ಚಂದ್ರನನ್ನು ನೋಡಿದ ಮೇಲೆಯೇ ಊಟ. ನೋಡಬೇಕು ಜಯಾ, ಯಾರೋ ಹೇಳಿದರೆ ಸಾಲದು. ಮೋಡವಿದ್ದರೆ ಮಹಡಿ ಮೇಲೆ ಕಾದು ಕುಳಿತವಳು ನಾನು. ಆವತ್ತು ನಾನು ಇರುವುದು ಆಕಾಶದಲ್ಲಿ. ಪಂಚಾಂಗದಲ್ಲಿ ಚಂದ್ರೋದಯ ರಾತ್ರಿ ಒಂಬತ್ತೂಮುಕ್ಕಾಲು ಅಂತಿದೆ. ಅದು ಬೆಂಗಳೂರಿನ ಚಂದ್ರ. ವಿಮಾನದೊಳಗಿನವರಿಗೆ ಯಾವ ಊರಿನ ಚಂದ್ರ? ನಮ್ಮ ಗಣಪತಿ ದೇವಸ್ಥಾನದ ಅರ್ಚಕರನ್ನು ಕೇಳಿದೆ. ‘ವಿಮಾನಕ್ಕೆ ಪಂಚಾಂಗ ಇಲ್ಲಮ್ಮ, ಮನೇಲಿರಿ’ ಅಂದರು.

ಮನೆಯಲ್ಲಿರುತ್ತೇನೆ. ನೀನು ಮದುವೆ ಆಗಿ ಸುಖವಾಗಿರು. ಫೋಟೋ ಕಳಿಸು.

ಇಂತಿ,
ಸುಧಾಮಣಿ


ಆಕ್ಲೆಂಡ್
28 ಫೆಬ್ರುವರಿ 2004

ಸುಧಾ,

ಸರಿ, ಬಿಡು. ಮೊದಲು ದೂರ, ಆಮೇಲೆ ಗಂಟೆ, ಈಗ ಚಂದ್ರ. ಚಂದ್ರನ ಜೊತೆ ವಾದ ಮಾಡಲು ನನಗೆ ಬರುವುದಿಲ್ಲ. ಇನ್ನು ಕರೆಯುವುದಿಲ್ಲ.

ಜಯಶೀಲಾ


ಯಡಿಯೂರು
24 ಮಾರ್ಚ್ 2004

ನನ್ನ ಜಯಾ,

ನಿನ್ನ ಮೂರು ಸಾಲಿನ ಕಾಗದ ಬಂದ ದಿನ ನಾನು ಅಂಗಡಿ ತೆಗೆಯಲಿಲ್ಲ. ಎಲ್ಲವನ್ನೂ ನಕ್ಕು ಹಾರಿಸುವವಳು ನೀನು. ಮೂರು ಸಾಲಿನಲ್ಲಿ ಒಂದು ನಗೆಯೂ ಇರಲಿಲ್ಲ. 

ಈಗ ಹೇಳಿಬಿಡುತ್ತೇನೆ, ನಾನು ಪ್ರತಿ ಕಾಗದದಲ್ಲೂ ಇಲ್ಲ ಅಂದದ್ದು ನೀನು ಮತ್ತೊಂದು ಕಾಗದ ಬರೆಯುತ್ತೀಯ ಅನ್ನುವ ಧೈರ್ಯದಲ್ಲಿ. ಹೋಗಲೇಬೇಕು ಅಂತ ಮೊದಲನೇ ಕಾಗದಕ್ಕೇ ಅನ್ನಿಸಿತ್ತು. ಆದರೆ ನೀನು ಎರಡು ವರ್ಷದ ಹಿಂದೆ ಬರಲಿಲ್ಲವಲ್ಲ, ಸ್ವಲ್ಪ ಬೇಡಿಸಿಕೊಳ್ಳೋಣ ಅಂತ ಆಸೆ. ಯಜಮಾನರು ಹೇಳಿದರು: ‘ಹೋಗ್ತೀನಿ ಅಂತ ಬಾಯ್ಬಿಟ್ಟು ಹೇಳೆ. ಗಡಿಯಾರ, ಚಂದ್ರ ಅಂತ ಅವರಿವರ ಮೇಲೆ ಹಾಕ್ಬೇಡ.’ ಮೂವತ್ತು ವರ್ಷದಲ್ಲಿ ಅವರು ಆಡಿದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು.

ಆವತ್ತೇ ಪ್ರಮೋದನಿಗೆ ಪಾಸ್‌ಪೋರ್ಟ್ ಕೊಟ್ಟೆ. ಇವತ್ತು ವೀಸಾ ಬಂತು. ಫೋನ್ ಮಾಡೋಣ ಅಂತ ಎಸ್‌ಟಿಡಿ ಬೂತಿನ ತನಕ ಹೋದೆ. ನಂಬರ್ ಒತ್ತುವಷ್ಟರಲ್ಲೇ ಅಳು ಬಂತು, ರಿಸೀವರ್ ಇಟ್ಟು ವಾಪಸು ಬಂದೆ. ಅಳುವವಳು ನೀನು ಅಂತ ಬರೆದಿದ್ದೆ, ಅದನ್ನು ಹೊಡೆದುಹಾಕು.

ಛತ್ರದ ವಿಷಯಕ್ಕೆ ಉತ್ತರ ಬಾಕಿಯಿದೆ. ನಿನ್ನನ್ನು ಅವರು ಹಾಗೆ ಕೇಳುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನೀನು ನಗುತ್ತಿದ್ದೆ, ನಿನಗೆ ತಾಕುವುದಿಲ್ಲ ಅಂದುಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ಆ ಛತ್ರದ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಬಾಯಿಗೂ ಹೊಲಿಗೆ ಹಾಕುತ್ತಿದ್ದೆ. ನನ್ನ ಕಸುಬೇ ಅದು.

ಏಳನೇ ತಾರೀಕು ಹೊರಡುತ್ತೇನೆ. ಸಂಕಷ್ಟಿ ವಿಮಾನದಲ್ಲೇ. ಗಣಪತಿ ಎಲ್ಲ ಕಡೆ ಇದ್ದಾನೆ, ಚಂದ್ರ ಎಲ್ಲಿದ್ದಾನೋ ನೋಡೋಣ. ನಿನಗೆ ಜೇನುಬಣ್ಣದ ರೇಷ್ಮೆ ಬ್ಲೌಸು ಹೊಲಿದಿದ್ದೇನೆ. ಅಳತೆ ಕೇಳಲಿಲ್ಲ. ದಪ್ಪ ಆಗಿದ್ದೀಯ ಅಂತ ಫೋಟೋದಲ್ಲೇ ಕಾಣುತ್ತದೆ, ಒಳಗೆ ಬಟ್ಟೆ ಬಿಟ್ಟಿದ್ದೇನೆ.

ನಿನ್ನ,
ಸುಧಾ


ವಿಮಾನದೊಳಗಿನಿಂದ
8 ಏಪ್ರಿಲ್ 2004, ಗುರುವಾರ

ಜಯಾ,

ಈ ಕಾಗದಕ್ಕೆ ಅಂಚೆ ಚೀಟಿ ಬೇಡ, ನಾನೇ ಕೈಗೆ ಕೊಡುತ್ತೇನೆ. ಆದರೂ ಬರೆಯುತ್ತಿದ್ದೇನೆ. ನಡೆದದ್ದನ್ನು ಇಳಿದ ಮೇಲೆ ಬಾಯಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಸಿಂಗಪುರ ಬಿಟ್ಟಾಗಿನಿಂದ ಬರೀ ನೀರು. ಎರಡು ಸಲ ಊಟದ ತಟ್ಟೆ ವಾಪಸು ಕಳಿಸಿದೆ. ಗಗನಸಖಿಗೆ ಗಾಬರಿ. ಪುಟ್ಟ ಹುಡುಗಿ, ನಮ್ಮ ಶೈಲಜಾಳ ವಯಸ್ಸು. ನನ್ನ ಹರಕು ಇಂಗ್ಲಿಷಿನಲ್ಲಿ ‘ನೋ ಫುಡ್, ಮೂನ್ ಕಮ್, ದೆನ್ ಫುಡ್’ ಅಂದೆ. ಅವಳು ನಗಲಿಲ್ಲ. ಅವಳ ಅಜ್ಜಿಯೂ ಏನೋ ಉಪವಾಸ ಹಿಡಿಯುತ್ತಾರಂತೆ.

ಆಮೇಲೆ ನೋಡು ತಮಾಷೆ. ಹೊರಗೆ ಕೆಂಪಾಗಿ, ಸರಸರ ಕತ್ತಲಾಗಿಬಿಟ್ಟಿತು. ನನ್ನ ಕೈಗಡಿಯಾರ ಇನ್ನೂ ಬೆಂಗಳೂರಿನದು, ಅದರಲ್ಲಿ ಮಧ್ಯಾಹ್ನ ಎರಡು ಗಂಟೆಯೂ ಆಗಿಲ್ಲ! ಯಡಿಯೂರಿನಲ್ಲಿ ಯಜಮಾನರು ಊಟ ಮುಗಿಸಿ ಬಿಸಿಲಿಗೆ ಪರದೆ ಎಳೆದು ಮಲಗಿರುತ್ತಾರೆ, ಇಲ್ಲಿ ನಕ್ಷತ್ರ. ಕಿಟಕಿಗೆ ಮೂಗು ಒತ್ತಿ ಹುಡುಕಿದೆ. ಚಂದ್ರನಿಲ್ಲ. ಆ ಕಡೆಯ ಸಾಲಿಗೆ ಹೋಗಿ, ಮಲಗಿದ್ದ ಬಿಳಿಯರೊಬ್ಬರ ಮೇಲೆ ಬಗ್ಗಿ ನೋಡಿದೆ. ಅಲ್ಲೂ ಇಲ್ಲ. ಅವರು ಕಣ್ಣು ಬಿಟ್ಟು ನನ್ನ ಮುಖ ನೋಡಿ ಬೆಚ್ಚಿಬಿದ್ದರು ಪಾಪ.

ಹುಡುಗಿ ಒಳಗೆ ಫೋನ್ ಮಾಡಿ ಕೇಳಿದಳು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕ್ಯಾಪ್ಟನ್ ದನಿ. ಚಂದ್ರ ಹುಟ್ಟಿದ್ದಾನೆ, ನೇರ ವಿಮಾನದ ಮೂತಿಯ ಮುಂದೆಯೇ ಇದ್ದಾನೆ, ಓಡಿಸುವ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಕಾಣುತ್ತಿಲ್ಲ, ಅಂತ ಪಕ್ಕದವರು ನನಗೆ ಬಿಡಿಸಿ ಹೇಳಿದರು. ಹುಡುಗಿ ತಟ್ಟೆ ತಂದಳು. ‘ಕ್ಯಾಪ್ಟನ್ ಸೀ. ಐ ನೋ ಸೀ’ ಅಂತ ಮತ್ತೆ ವಾಪಸು ಕಳಿಸಿದೆ. ಕ್ಯಾಪ್ಟನ್ ನೋಡಿದರೆ ಕ್ಯಾಪ್ಟನ್ ಊಟ ಮಾಡಲಿ.

ಒಂದು ಗಂಟೆ ಹಾಗೇ ಕಳೆಯಿತು. ಆಮೇಲೆ ವಿಮಾನ ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲಿ ತಿರುಗಿತು ಜಯಾ. ಅದು ತಿರುಗಬೇಕಾದ ಜಾಗವೋ, ನನಗೋಸ್ಕರ ತಿರುಗಿಸಿದರೋ ಗೊತ್ತಿಲ್ಲ, ಕೇಳಲೂ ಇಲ್ಲ. ನನ್ನ ಕಿಟಕಿಯೊಳಗೆ ಚಂದ್ರ ಬಂದ. ಒಂದು ಕಡೆ ಕಚ್ಚಿದ ಹೋಳಿಗೆಯ ಹಾಗಿದ್ದ. ಕೈಮುಗಿದೆ. ಸುತ್ತಲಿನ ನಾಲ್ಕೈದು ಸಾಲಿನವರು ಚಪ್ಪಾಳೆ ತಟ್ಟಿದರು. ಆ ಬಿಳಿಯರೂ ತಟ್ಟಿದರು. ಮನೆಯಿಂದ ತಂದ ಕಡುಬಿನ ಡಬ್ಬ ತೆಗೆದು ಎಲ್ಲರಿಗೂ ಕೊಟ್ಟೆ. ನಿಮ್ಮ ದೇಶದೊಳಗೆ ತಿಂಡಿ ಬಿಡುವುದಿಲ್ಲವಂತೆ, ನಿನಗೆ ಉಳಿದಿಲ್ಲ.

ಬೆಂಗಳೂರಿನಲ್ಲಿ ಕುಳಿತಿದ್ದರೆ ಇನ್ನೂ ಏಳೆಂಟು ಗಂಟೆ ಉಪವಾಸವಿರಬೇಕಿತ್ತು. ನಿನ್ನ ಕಡೆ ಹೊರಟಿದ್ದಕ್ಕೆ ಚಂದ್ರ ಅಷ್ಟು ಬೇಗ ಸಿಕ್ಕಿದ. ಎಷ್ಟು ಸುಲಭವಾಗಿತ್ತು ಬರುವುದು! ಎರಡು ವರ್ಷ ಸಿಟ್ಟು ಮಾಡಿಕೊಂಡು ಕುಳಿತೆನಲ್ಲ, ಅದು ಇದಕ್ಕಿಂತ ಬಹಳ ಉದ್ದದ ಪ್ರಯಾಣ. ಎದುರಿನ ಪರದೆಯಲ್ಲಿ ಪುಟ್ಟ ವಿಮಾನದ ಚಿತ್ರ ನಿನ್ನ ಊರಿನ ಮೇಲೆಯೇ ಬಂದು ಕುಳಿತಿದೆ. ಬೆಲ್ಟು ಕಟ್ಟಿಕೊಳ್ಳಿ ಅನ್ನುತ್ತಿದ್ದಾರೆ. ಬರುತ್ತಿದ್ದೇನೆ.

ನಿನ್ನ,
ಸುಧಾ


ಆಕ್ಲೆಂಡ್, ನಿನ್ನ ಪಕ್ಕದ ಕೋಣೆ
10 ಏಪ್ರಿಲ್ 2004, ಬೆಳಿಗ್ಗೆ

ಸುಧಾ,

ಇದನ್ನು ಬಾಗಿಲ ಸಂದಿಯಿಂದ ತಳ್ಳುತ್ತೇನೆ. ಗೋಡೆಯ ಆ ಕಡೆಯಿಂದ ನಿನ್ನ ಗೊರಕೆ ಕೇಳುತ್ತಿದೆ. ನಿನ್ನ ಗಡಿಯಾರದಲ್ಲಿ ಇನ್ನೂ ಸರಿರಾತ್ರಿ, ಮಲಗು. ಆದರೆ ಒಂದು ವಿಷಯ ಮದುವೆಗೆ ಮುಂಚೆ ನಿನಗೆ ಗೊತ್ತಾಗಬೇಕು. ಎದುರಿಗೆ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಕಾಡಿಗೆ ಹರಿಯುತ್ತದೆ.

‘ಇನ್ನು ಕರೆಯುವುದಿಲ್ಲ’ ಅಂತ ಬರೆದು ಪೆಟ್ಟಿಗೆಗೆ ಹಾಕಿ ಬಂದ ದಿನ ನಾನು ಮುನಿಸ್ವಾಮಿಯವರ ಬಸ್ಸಿನಲ್ಲಿ ಕೊನೆಯ ನಿಲ್ದಾಣದ ತನಕ ಇಳಿಯದೆ ಕುಳಿತಿದ್ದೆ. ಅವರು ಎಂಜಿನ್ ನಿಲ್ಲಿಸಿ ಬಂದು ಪಕ್ಕದಲ್ಲಿ ಕುಳಿತರು. ಹೇಳಿದೆ. ‘ಅವಳು ಬರೋದಿಲ್ಲ ಅಂದ್ರೆ ನಾವು ಹೋಗೋಣ. ಮದುವೆ ಅಲ್ಲೇ ಆಗಲಿ’ ಅಂದರು. ಅವರ ಹಿಂದಿಯಲ್ಲಿ ಅದು ಇನ್ನೂ ಚೆನ್ನಾಗಿತ್ತು. ಅದಕ್ಕೇ ಸುಧಾ, ಇನ್ನು ಕರೆಯುವುದಿಲ್ಲ ಅಂದದ್ದು ನಿಜವೇ ಆಯಿತು. ಕರೆಯದೆ, ಹೇಳದೆ, ಬಂದು ನಿನ್ನ ಮನೆ ಬಾಗಿಲಲ್ಲಿ ನಿಲ್ಲೋಣ ಅಂತ ಎರಡು ಸೀಟು ಕಾದಿರಿಸಿದೆ. ಇಲ್ಲಿಯವರಿಗೆಲ್ಲ ಊಟ ಆಮೇಲೆ ಅಂತ ಹೇಳಿಯೂ ಆಗಿತ್ತು.

ನೀನು ಬರುತ್ತೇನೆ ಅಂತ ಬರೆದ ಕಾಗದ ನನ್ನ ಕೈಸೇರಿದ್ದು ಹೋದ ಶನಿವಾರ. ನಮ್ಮ ವಿಮಾನ ಇದ್ದದ್ದು ಬುಧವಾರ, ಏಳನೇ ತಾರೀಕು. ಸಿಂಗಪುರದ ಮೇಲೆ ಹಾದು ರಾತ್ರಿ ಬೆಂಗಳೂರಿಗೆ. ಸೀಟು ಬಿಟ್ಟುಕೊಡಲು ವಿಮಾನ ಕಂಪನಿಯ ಕಚೇರಿಗೆ ಹೋದಾಗ ಅಲ್ಲಿನ ಹೆಂಗಸು ನೀನು ಬರುವ ವಿಮಾನ ಯಾವುದೆಂದು ನೋಡಿ ಹೇಳಿದಳು: ಬೆಂಗಳೂರಿನಲ್ಲಿ ನಾವು ಇಳಿಯುವ ವಿಮಾನವನ್ನೇ ಗುಡಿಸಿ, ಒರೆಸಿ, ನೀನು ಹತ್ತುವ ವಿಮಾನ ಮಾಡುತ್ತಾರಂತೆ.

ಅಂಚೆಯವನು ನಾಲ್ಕು ದಿನ ತಡಮಾಡಿದ್ದರೆ ಏನಾಗುತ್ತಿತ್ತು ಯೋಚಿಸು. ನಾನು ಎದ್ದು ಬಂದ ಕುರ್ಚಿಯಲ್ಲೇ ನೀನು ಕುಳಿತು ಇಲ್ಲಿಗೆ ಬರುತ್ತಿದ್ದೆ. ನಾನು ಯಡಿಯೂರಿನಲ್ಲಿ ನಿನ್ನ ಮನೆ ಬಾಗಿಲು ಬಡಿಯುತ್ತಿದ್ದೆ, ನೀನು ಆಕ್ಲೆಂಡಿನಲ್ಲಿ ನನ್ನ ಮನೆ ಬಾಗಿಲು. ಇಬ್ಬರೂ ‘ಇವಳು ಎಲ್ಲಿ ಹೋದಳು?’ ಅಂತ ಒಬ್ಬರನ್ನೊಬ್ಬರು ಬೈಯುತ್ತಾ ನಿಂತಿರುತ್ತಿದ್ದೆವು.

ನಿನ್ನ,
ಜಯಾ